ಮರಿ ತಾನಾಗಿ ಬರುವವರೆಗೆ

ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಸ್ಕೂಟರುಗಳ ಸಂದಿ, ಹಳ್ಳಿಮನೆಯ ಹಿತ್ತಿಲಿನ ಸೌದೆ ರಾಶಿ, ಮೀನು ಮಾರುಕಟ್ಟೆಯ ಖಾಲಿ ಕ್ರೇಟುಗಳ ಹಿಂಬದಿ. ಬೀದಿ ಬೆಕ್ಕಿನ ಮರಿ ಎಲ್ಲಿ ಕಂಡರೂ ಅದರ ನಡವಳಿಕೆ ಹೆಚ್ಚುಕಡಿಮೆ ಒಂದೇ. ಮೊದಲು ಮೈ ಮುದುಡಿ ಕೂರುತ್ತದೆ. ಕೈ ಹತ್ತಿರ ಬಂದರೆ ಬೆನ್ನು ಬಾಗಿಸಿ, ರೋಮ ನಿಗುರಿಸಿ ಬುಸ್ಸೆನ್ನುತ್ತದೆ. ಇನ್ನೂ ಹತ್ತಿರವಾದರೆ ಪಂಜ ಬೀಸುತ್ತದೆ. ಅರ್ಧ ಕಿಲೋ ತೂಗದ ಜೀವಕ್ಕೆ ಇಷ್ಟೊಂದು ರೋಷವೇ ಎಂದು ಜನ ಬೆರಗಾಗುತ್ತಾರೆ. ‘ಇದು ಒಗ್ಗುವ ಪೈಕಿ ಅಲ್ಲ, ಬಿಡಿ’ ಎಂದು ಕೈಚೆಲ್ಲುತ್ತಾರೆ.

ರೋಷದಂತೆ ಕಾಣುವುದೆಲ್ಲ ಬರೀ ಹೆದರಿಕೆ. ಇಲಿಗೂ ಹಲ್ಲಿಗೂ ಬೇಟೆಗಾರನಾಗಿರುವ ಬೆಕ್ಕು ನಾಯಿ, ಹದ್ದು, ಹಾವುಗಳಿಗೆ ತಾನೇ ಬೇಟೆಯೂ ಹೌದು. ಓಡಲು ದಾರಿಯಿಲ್ಲದ ಮರಿಗೆ ಉಳಿದಿರುವುದು ತನ್ನನ್ನು ದೊಡ್ಡದಾಗಿ ತೋರಿಸಿಕೊಂಡು ಎದುರಾಳಿಯನ್ನು ಹಿಂದಕ್ಕೆ ಸರಿಸುವ ಉಪಾಯವೊಂದೇ. ಮನುಷ್ಯನ ಕಿವಿ 20 ಕಿಲೋಹರ್ಟ್ಸ್‌ಗೆ ನಿಂತರೆ ಬೆಕ್ಕಿನದು 60 ದಾಟಿದ ಕಂಪನವನ್ನೂ ಹಿಡಿಯುತ್ತದೆ. ಕೀಲಿಕೈ ಗೊಂಚಲಿನ ಸದ್ದು, ಪ್ಲಾಸ್ಟಿಕ್ ಚೀಲದ ಚರಪರ, ಮಕ್ಕಳ ಕೂಗು ಎಲ್ಲವೂ ಅದಕ್ಕೆ ಇನ್ನಷ್ಟು ಜೋರು. ಮೇಲಿಂದ ಇಳಿದು ಬರುವ ಕೈ ಮತ್ತು ಎರಗುವ ಹದ್ದು, ಇವೆರಡರ ನಡುವಿನ ವ್ಯತ್ಯಾಸವನ್ನು ಅದಕ್ಕೆ ಯಾರೂ ಇನ್ನೂ ಕಲಿಸಿಲ್ಲ. ನಮ್ಮ ಊರುಗಳಲ್ಲಿ ಇನ್ನೊಂದು ಹೊರೆಯೂ ಅದರ ಮೇಲಿದೆ. ಬೆಕ್ಕು ಅಡ್ಡ ಬಂದರೆ ಹೋದ ಕೆಲಸ ಕೆಡುತ್ತದೆಂದು ನಂಬಿದವರು ಕಲ್ಲು ಬೀರಿ, ಕಾಲು ಅಪ್ಪಳಿಸಿ ಓಡಿಸುತ್ತಾರೆ. ಮನುಷ್ಯನ ಬಗ್ಗೆ ಮರಿ ಕಲಿತ ಮೊದಲ ಪಾಠ ಅದೇ ಆಗಿರುವ ಸಾಧ್ಯತೆ ಹೆಚ್ಚು.

ಅಂಥ ಮರಿಯ ಭರವಸೆ ಗಳಿಸುವ ಕೆಲಸದಲ್ಲಿ ಮನುಷ್ಯ ಮಾಡಬೇಕಾದದ್ದು ಕಡಿಮೆ, ಮಾಡದೆ ಇರಬೇಕಾದದ್ದು ಹೆಚ್ಚು. ಬೆಕ್ಕುಗಳ ವರ್ತನೆಯ ಬಗ್ಗೆ ಕಳೆದ ನಾಲ್ಕು ದಶಕಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಮಾತು ಮತ್ತೆ ಮತ್ತೆ ಎದ್ದು ಬರುತ್ತದೆ: ಹತ್ತಿರ ಬರುವ ತೀರ್ಮಾನವನ್ನು ಮರಿಗೇ ಬಿಟ್ಟಾಗ ಅದು ಬೇಗ ಬರುತ್ತದೆ.

ಆದರೆ ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ತಾಯಿ ಎಲ್ಲಿ?

ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬ ಮಾತು ಹಳ್ಳಿಗಳಲ್ಲಿದೆ. ಲೆಕ್ಕ ಏಳೇ ಆಗಬೇಕೆಂದಿಲ್ಲ, ವಿಷಯ ಮಾತ್ರ ನಿಜ. ಜಾಗ ಸುರಕ್ಷಿತವಲ್ಲ ಎನ್ನಿಸಿದ ಕೂಡಲೇ ತಾಯಿ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಅಟ್ಟದಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಹುಲ್ಲಿನ ಬಣವೆಗೆ ಸಾಗಿಸುತ್ತದೆ. ಒಂದನ್ನು ಒಯ್ದಿಟ್ಟು ಇನ್ನೊಂದಕ್ಕಾಗಿ ಮರಳುವಷ್ಟರಲ್ಲಿ ಕರುಣೆಯುಳ್ಳ ಯಾರೋ ಅದನ್ನು ಎತ್ತಿಕೊಂಡು ಹೋಗಿರುತ್ತಾರೆ. ಊಟ ಹುಡುಕಲು ಹೋದ ತಾಯಿ ಗಂಟೆಗಟ್ಟಲೆ ಮರಳದೆ ಇರುವುದೂ ಉಂಟು, ಜನ ಸುತ್ತ ನಿಂತಿದ್ದರೆ ಬಂದರೂ ಮರೆಯಲ್ಲೇ ಅವಿತು ಕಾಯುವುದೂ ಉಂಟು. ಮರಿ ದುಂಡಗಿದ್ದು, ಮೈ ಶುಚಿಯಾಗಿದ್ದು, ಸುಮ್ಮನೆ ಮಲಗಿದ್ದರೆ ತಾಯಿ ಆಸುಪಾಸಿನಲ್ಲೇ ಇದೆ ಎಂದರ್ಥ. ದೂರ ಸರಿದು, ಕೆಲವು ಗಂಟೆ ಕಣ್ಣಿಟ್ಟು ನೋಡಬೇಕು. ಮೈ ತಣ್ಣಗಾಗಿದ್ದರೆ, ಕಣ್ಣು ಕೀವುಗಟ್ಟಿದ್ದರೆ, ಇರುವೆ ಮುತ್ತಿದ್ದರೆ, ರಸ್ತೆಯ ಪಕ್ಕದಲ್ಲೇ ಇದ್ದರೆ ಕಾಯುವ ಮಾತಿಲ್ಲ, ಎತ್ತಲೇಬೇಕು. ಮಳೆಗಾಲದಲ್ಲಿ ಮರಿಗಳು ಬೆಚ್ಚನೆಯ ಕಾರಿನ ಬಾನೆಟ್ಟಿನೊಳಗೂ ಸೇರಿಕೊಳ್ಳುತ್ತವೆ. ಗಾಡಿ ಶುರುಮಾಡುವ ಮುನ್ನ ಬಾನೆಟ್ಟಿನ ಮೇಲೆ ನಾಲ್ಕು ಬಾರಿ ತಟ್ಟಿದರೆ ಒಂದು ಪ್ರಾಣ ಉಳಿದೀತು.

ಎತ್ತಿದ ಮೇಲೆ ವಯಸ್ಸು ತಿಳಿಯುವುದು ಮುಖ್ಯ. ಕಣ್ಣು ತೆರೆಯುವುದು ಹುಟ್ಟಿದ ಏಳರಿಂದ ಹದಿನಾಲ್ಕು ದಿನಗಳ ನಡುವೆ. ಮೂರು ವಾರಕ್ಕೆ ಕಿವಿ ನೆಟ್ಟಗಾಗುತ್ತದೆ, ಮುಂದಿನ ಪುಟ್ಟ ಹಲ್ಲುಗಳು ಮೊಳೆಯುತ್ತವೆ. ನಾಲ್ಕು ವಾರಕ್ಕೆ ನಡಿಗೆ ಗಟ್ಟಿಯಾಗುತ್ತದೆ, ಐದಾರು ವಾರಕ್ಕೆ ಓಟ, ಕುಸ್ತಿ, ಹೊಂಚು. ಹುಟ್ಟಿನಿಂದ ನೀಲಿಯಾಗಿರುವ ಕಣ್ಣಿನ ಬಣ್ಣ ಬದಲಾಗತೊಡಗುವುದು ಆರೇಳು ವಾರಕ್ಕೆ. ಹುಟ್ಟುವಾಗ ಸುಮಾರು 100 ಗ್ರಾಂ ಇರುವ ಮರಿ ವಾರಕ್ಕೆ ಅಷ್ಟೇ ತೂಕ ಏರಿಸಿಕೊಳ್ಳುತ್ತ ಎಂಟು ವಾರಕ್ಕೆ ಸುಮಾರು 900 ಗ್ರಾಂ ಮುಟ್ಟುತ್ತದೆ. ಅಡುಗೆಮನೆಯ ತಕ್ಕಡಿಯಲ್ಲೇ ಇದನ್ನು ನೋಡಬಹುದು.

ವಯಸ್ಸು ಯಾಕೆ ಮುಖ್ಯ ಎಂಬುದನ್ನು 1980ರ ದಶಕದಲ್ಲಿ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಐಲೀನ್ ಕಾರ್ಶ್ ತೋರಿಸಿಕೊಟ್ಟರು. ಕೆಲವು ಮರಿಗಳನ್ನು ಮೂರನೆಯ ವಾರದಿಂದಲೇ ದಿನವೂ ಎತ್ತಿ, ಮಡಿಲಲ್ಲಿ ಕೂರಿಸಿಕೊಂಡು ಬೆಳೆಸಲಾಯಿತು. ಇನ್ನು ಕೆಲವನ್ನು ಏಳನೆಯ ವಾರದಿಂದ. ಮೂರನೆಯ ವಾರದಿಂದ ಕೈಯ ಸ್ಪರ್ಶ ಕಂಡವು ದೊಡ್ಡವಾದ ಮೇಲೆ ಮನುಷ್ಯನ ಬಳಿಗೆ ಬೇಗ ಬಂದವು, ಮಡಿಲಲ್ಲಿ ಹೆಚ್ಚು ಹೊತ್ತು ಉಳಿದವು. ಏಳನೆಯ ವಾರದಿಂದ ಶುರುವಾದವು ಈ ವಿಷಯದಲ್ಲಿ ಹಿಂದುಳಿದವು. ದಿನಕ್ಕೆ ಹದಿನೈದು ನಿಮಿಷ ಎತ್ತಿಕೊಂಡ ಮರಿಗಳಿಗಿಂತ ನಲವತ್ತು ನಿಮಿಷ ಎತ್ತಿಕೊಂಡವು ಹೆಚ್ಚು ಹೊಂದಿಕೊಂಡಿದ್ದವು. ಎರಡರಿಂದ ಏಳನೆಯ ವಾರದವರೆಗಿನ ಅವಧಿಯಲ್ಲಿ ಮರಿಯ ಮನಸ್ಸು ಹೊಸತಕ್ಕೆ ತೆರೆದಿರುತ್ತದೆ, ಆಮೇಲೆ ಹೆದರಿಕೆ ಮುಂದೆ ಬಂದು ನಿಲ್ಲುತ್ತದೆ ಎಂಬ ತಿಳಿವಳಿಕೆ ಬೇರೂರಿದ್ದು ಅಲ್ಲಿಂದ.

ತಂದೆಯ ಪಾಲೂ ಇದರಲ್ಲಿದೆ. ಗಂಡುಬೆಕ್ಕು ಮರಿಗಳ ಮುಖವನ್ನೇ ನೋಡದಿದ್ದರೂ ಅದರ ಸ್ವಭಾವ ರಕ್ತದಲ್ಲಿ ಇಳಿದು ಬರುತ್ತದೆ. 1995ರಲ್ಲಿ ಪ್ರಕಟವಾದ ಸ್ಯಾಂಡ್ರಾ ಮೆಕ್ಯೂನ್ ಅವರ ಅಧ್ಯಯನದಲ್ಲಿ ಸ್ನೇಹಶೀಲ ತಂದೆಗೆ ಹುಟ್ಟಿದ ಬೆಕ್ಕುಗಳು ಒಂದು ವರ್ಷ ತುಂಬಿದಾಗ ಅಪರಿಚಿತರ ಬಳಿಗೂ ಅಪರಿಚಿತ ವಸ್ತುಗಳ ಬಳಿಗೂ ಹೆಚ್ಚು ಧೈರ್ಯದಿಂದ ಹೋದವು. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರಿರಬಹುದು. ಹಾಗಾಗಿ ಒಂದು ಮರಿ ಎರಡೇ ದಿನಕ್ಕೆ ಕಾಲಿಗೆ ಮೈ ಉಜ್ಜುವಾಗ ಅದರ ಒಡಹುಟ್ಟು ತಿಂಗಳಾದರೂ ಬೀರುವಿನ ಹಿಂದೆಯೇ ಉಳಿದರೆ ಅದು ಸಾಕುವವರ ಸೋಲೂ ಅಲ್ಲ, ಮರಿಯ ಹಟವೂ ಅಲ್ಲ. ಐದಾರು ವಾರದ ಮರಿ ಕೆಲವೇ ದಿನಗಳಲ್ಲಿ ಒಗ್ಗಿಕೊಂಡರೆ ಮೂರು ತಿಂಗಳ ಮರಿಗೆ ಹಲವು ವಾರಗಳೇ ಬೇಕಾಗುತ್ತವೆ. ಬೀದಿಯಲ್ಲೇ ಆರು ತಿಂಗಳು ದಾಟಿದ್ದು ಪೂರ್ತಿ ಒಗ್ಗದೆಯೂ ಉಳಿದೀತು.

ಮನೆಗೆ ತಂದ ಮರಿಗೆ ಇಡೀ ಮನೆಯನ್ನು ಬಿಟ್ಟುಕೊಡುವುದು ಪ್ರೀತಿಯಂತೆ ಕಂಡರೂ ಮರಿಗೆ ಅದು ದಿಕ್ಕುತಪ್ಪಿಸುವ ಸಂಗತಿ. ಮಂಚದಡಿ, ಫ್ರಿಜ್ಜಿನ ಹಿಂದೆ, ಅಟ್ಟದ ಮೂಲೆ ಎಂದು ಅದು ಕೈಗೆಟುಕದ ಜಾಗ ಹುಡುಕಿಕೊಳ್ಳುತ್ತದೆ. ಒಂದು ಚಿಕ್ಕ ಕೋಣೆ ಸಾಕು. ಬೇರೆ ಜಾಗವಿಲ್ಲದಿದ್ದರೆ ಒಣಗಿದ ಬಚ್ಚಲುಮನೆಯೂ ಆದೀತು. ಒಂದು ಮೂಲೆಯಲ್ಲಿ ನೀರು, ಊಟ. ಎದುರು ಮೂಲೆಯಲ್ಲಿ ಅಗಲವಾದ ತಟ್ಟೆಯಲ್ಲಿ ಮರಳು ಅಥವಾ ಅಂಗಡಿಯಲ್ಲಿ ಸಿಗುವ ಲಿಟ್ಟರ್. ಅಷ್ಟೇ ಮುಖ್ಯವಾದದ್ದು ಅಡಗಿಕೊಳ್ಳಲು ಒಂದು ರಟ್ಟಿನ ಡಬ್ಬ. ಅಡಗಲು ಜಾಗ ಕೊಟ್ಟರೆ ಮರಿ ಹೊರಗೇ ಬರುವುದಿಲ್ಲ ಎಂಬ ಅಂಜಿಕೆ ಹಲವರಿಗಿದೆ. ನಡೆದದ್ದು ತದ್ವಿರುದ್ಧ. ನೆದರ್ಲೆಂಡ್ಸಿನ ಉಟ್ರೆಕ್ಟ್‌ನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಶ್ರಯಧಾಮಕ್ಕೆ ಹೊಸದಾಗಿ ಬಂದ ಬೆಕ್ಕುಗಳ ಪೈಕಿ ಡಬ್ಬ ಸಿಕ್ಕವುಗಳ ಒತ್ತಡ ಡಬ್ಬ ಸಿಗದವುಗಳಿಗಿಂತ ಬೇಗ ಇಳಿಯಿತು. ಬೇಕೆಂದಾಗ ಮರೆಯಾಗಬಹುದು ಎಂಬ ನೆಮ್ಮದಿಯಿದ್ದರೆ ಹೊರಗಿಣುಕಿ ನೋಡುವ ಧೈರ್ಯ ತಾನಾಗಿ ಹುಟ್ಟುತ್ತದೆ.

ಕೊಳೆಯಾಗಿದೆ ಎಂದು ಬಂದ ದಿನವೇ ಸ್ನಾನ ಮಾಡಿಸುವವರಿದ್ದಾರೆ. ಭಯದಲ್ಲಿರುವ, ಮೈ ಬಿಸಿಯನ್ನು ಕಾಯ್ದುಕೊಳ್ಳಲಾಗದ ಮರಿಗೆ ಅದು ಎರಡು ಪಟ್ಟು ಹಿಂಸೆ. ಬೆಚ್ಚನೆಯ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಅದೂ ಮರಿ ಬಿಟ್ಟುಕೊಟ್ಟರೆ. ನೀರಿಗೆ ಡೆಟಾಲ್ ಬೆರೆಸುವುದು, ಮರಿಯ ಕೋಣೆಯ ನೆಲಕ್ಕೆ ಫಿನಾಯಿಲ್ ಹಾಕುವುದು ಎರಡೂ ಅಪಾಯ. ಇಂಥ ರಾಸಾಯನಿಕಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಒದ್ದೆ ನೆಲ ತುಳಿದ ಮರಿ ಪಾದ ನೆಕ್ಕಿಕೊಂಡರೆ ವಿಷ ಒಳಗೆ ಹೋದಂತೆ. ಜ್ವರ ಬಂದಿದೆಯೆಂದು ಪ್ಯಾರಾಸಿಟಮಾಲ್ ಕೊಡುವುದಂತೂ ಪ್ರಾಣಕ್ಕೇ ಸಂಚಕಾರ. ಅರ್ಧ ಮಾತ್ರೆಯೂ ಬೆಕ್ಕನ್ನು ಕೊಲ್ಲಬಲ್ಲದು.

ಇನ್ನು ಊಟ. ಕನ್ನಡದ ಮನೆಗಳಲ್ಲಿ ಬೆಕ್ಕೆಂದರೆ ಹಾಲು. ತಟ್ಟೆಗೆ ಹಸುವಿನ ಹಾಲು ಸುರಿಯುವುದೇ ಸ್ನೇಹದ ಮೊದಲ ಹೆಜ್ಜೆ ಎಂದು ಎಲ್ಲರೂ ನಂಬಿದ್ದಾರೆ. ಆದರೆ ಹಸುವಿನ ಹಾಲಿನ ಸಕ್ಕರೆಯಂಶ ಎಷ್ಟೋ ಮರಿಗಳಿಗೆ ಅರಗುವುದಿಲ್ಲ. ಭೇದಿ ಹತ್ತುತ್ತದೆ, ಅಷ್ಟು ಚಿಕ್ಕ ದೇಹ ಒಂದೆರಡು ದಿನದಲ್ಲೇ ಒಣಗುತ್ತದೆ. ನಾಲ್ಕು ವಾರ ತುಂಬದ ಮರಿಗೆ ಪಶುವೈದ್ಯರು ಹೇಳುವ ಬೆಕ್ಕಿನ ಮರಿಹಾಲಿನ ಪುಡಿಯೇ ಗತಿ. ಮರಿಯನ್ನು ಮಗುವಿನಂತೆ ಅಂಗಾತ ಮಲಗಿಸದೆ, ಹೊಟ್ಟೆಯ ಮೇಲೆ ಮಲಗಿಸಿ ಕುಡಿಸಬೇಕು. ಮೈ ತಣ್ಣಗಿರುವ ಮರಿಯನ್ನು ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲು. ನಾಲ್ಕು ವಾರ ದಾಟಿದ ಮರಿಗೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿಮಾಂಸ, ಮೊಟ್ಟೆ, ಅಂಗಡಿಯ ಮರಿ ಆಹಾರ ಒಗ್ಗುತ್ತದೆ. ಈರುಳ್ಳಿ ಬೆಳ್ಳುಳ್ಳಿಗಳು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಸಸ್ಯಾಹಾರಿ ಮನೆಗಳವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಮೊಸರನ್ನ ತಿಂದು ಬೆಳೆದ ಬೆಕ್ಕುಗಳು ಎಷ್ಟೋ ಇವೆ ನಿಜ. ಅವು ಹೊರಗೆ ಇಲಿ, ಹಲ್ಲಿ ಹಿಡಿದು ಕೊರತೆ ತುಂಬಿಕೊಂಡಿದ್ದವು. ಬಾಗಿಲು ಮುಚ್ಚಿದ ಫ್ಲಾಟಿನಲ್ಲಿ ಆ ದಾರಿಯಿಲ್ಲ. ಮಾಂಸದಲ್ಲಿ ಮಾತ್ರ ಸಾಕಷ್ಟಿರುವ ಟಾರೀನ್ ಎಂಬ ಅಂಶವನ್ನು ಬೆಕ್ಕಿನ ದೇಹ ಬೇಕಾದಷ್ಟು ತಯಾರಿಸಲಾರದು. ಅದು ಸಿಗದಿದ್ದರೆ ಕಣ್ಣು ಕುರುಡಾಗುತ್ತದೆ, ಹೃದಯ ಸೋಲುತ್ತದೆ. ಹೃದಯದ ಕಾಯಿಲೆಗೂ ಟಾರೀನ್ ಕೊರತೆಗೂ ಇರುವ ನಂಟನ್ನು ಕ್ಯಾಲಿಫೋರ್ನಿಯಾದ ಪಶುವೈದ್ಯ ಪಾಲ್ ಪಿಯಾನ್ ಮತ್ತು ಸಂಗಡಿಗರು 1987ರಲ್ಲಿ ಸಾಬೀತುಪಡಿಸಿದ ಮೇಲೆ ಪ್ಯಾಕೆಟ್ಟಿನ ಬೆಕ್ಕಿನ ಆಹಾರದಲ್ಲಿ ಅದರ ಪ್ರಮಾಣ ಹೆಚ್ಚಿತು. ಮನೆಯಲ್ಲಿ ಮಾಂಸ ಬೇಯಿಸುವುದು ಒಪ್ಪಿಗೆಯಿಲ್ಲದಿದ್ದರೆ ಆ ಪ್ಯಾಕೆಟ್ಟೇ ಸರಿಯಾದ ದಾರಿ. ಅದೂ ಬೇಡವೆನ್ನುವವರು ಮರಿಗೆ ಬೇರೆ ಮನೆ ಹುಡುಕುವುದು ಒಳಿತು.

ಊಟ ಏನು ಎಂಬುದರಷ್ಟೇ ಅದನ್ನು ಹೇಗೆ ಇಡುತ್ತೇವೆ ಎಂಬುದೂ ಮುಖ್ಯ. ದಿನವೂ ಅದೇ ಹೊತ್ತು, ಅದೇ ತಟ್ಟೆ, ಅದೇ ದನಿ. ತಟ್ಟೆಯಿಟ್ಟು ಮೊದಲು ಕೋಣೆಯ ಬಾಗಿಲ ಬಳಿ ಕೂರಬೇಕು. ಮರಿ ತಿನ್ನತೊಡಗಿದ ಮೇಲೆ, ಮರುದಿನವೋ ಅದರ ಮರುದಿನವೋ, ಕೂರುವ ಜಾಗ ಒಂದು ಗೇಣು ಹತ್ತಿರವಾಗಲಿ. ತಿನ್ನುವುದನ್ನು ನಿಲ್ಲಿಸಿ ಮರಿ ದಿಟ್ಟಿಸಿದರೆ ಅಂದಿನ ಗಡಿ ಅದೇ. ಒಂದು ಹೆಸರನ್ನು ಆಗಲೇ ಆರಿಸಿಕೊಂಡು ಪ್ರತಿ ಊಟಕ್ಕೂ ಅದೇ ಹೆಸರಲ್ಲಿ ಕರೆಯುವುದರಿಂದ ಲಾಭವಿದೆ. ಬೆಕ್ಕುಗಳು ತಮ್ಮ ಹೆಸರನ್ನು ಬೇರೆ ಪದಗಳಿಂದ ಬೇರ್ಪಡಿಸಿ ಗುರುತಿಸಬಲ್ಲವು ಎಂದು ಜಪಾನಿನ ಅತ್ಸುಕೊ ಸೈಟೊ 2019ರಲ್ಲಿ ತೋರಿಸಿದ್ದಾರೆ.

ಎಲ್ಲ ಕೆಡುವುದು ಸಾಮಾನ್ಯವಾಗಿ ಇದೇ ಹಂತದಲ್ಲಿ. ಮರಿ ತಟ್ಟೆಗೆ ಬಾಯಿ ಹಾಕಿರುವಾಗ ಇದೇ ಸಮಯವೆಂದು ಯಾರಾದರೂ ಹಿಂದಿನಿಂದ ಹಿಡಿದುಬಿಡುತ್ತಾರೆ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಕೇಳದ ಕನ್ನಡದ ಮಕ್ಕಳಿಲ್ಲ. ಕೃಷ್ಣದೇವರಾಯ ಬೆಕ್ಕು ಸಾಕಲೆಂದು ಕೊಟ್ಟ ಹಸುವಿನ ಹಾಲನ್ನು ತಾನೇ ಕುಡಿಯಲು ರಾಮಕೃಷ್ಣ ಮೊದಲ ದಿನವೇ ಬೆಕ್ಕಿಗೆ ಕುದಿಯುವ ಹಾಲಿಟ್ಟ, ಬಾಯಿ ಸುಟ್ಟ ಬೆಕ್ಕು ಆಮೇಲೆ ಹಾಲು ಕಂಡರೆ ಓಡತೊಡಗಿತು. ನಗಿಸಲು ಕಟ್ಟಿದ ಕಥೆಯಲ್ಲಿ ಪ್ರಾಣಿ ವರ್ತನೆಯ ಗಟ್ಟಿಯಾದ ಸತ್ಯವಿದೆ. ನೋವಿನ ಒಂದೇ ಅನುಭವವನ್ನು ಬೆಕ್ಕು ಆ ವಸ್ತುವಿಗೆ, ಆ ಜಾಗಕ್ಕೆ, ಆ ಮನುಷ್ಯನಿಗೆ ಅಂಟಿಸಿಬಿಡುತ್ತದೆ. ಅದನ್ನು ಅಳಿಸಲು ಒಳ್ಳೆಯ ಅನುಭವಗಳು ಎಷ್ಟೋ ಬೇಕಾಗುತ್ತವೆ. ತಟ್ಟೆಯ ಬಳಿ ಒಮ್ಮೆ ಹಿಡಿಸಿಕೊಂಡ ಮರಿ ಮರುದಿನ ಹಸಿದರೂ ತಟ್ಟೆಯಿಂದ ದೂರ ನಿಲ್ಲುತ್ತದೆ.

ಹಾಗಾದರೆ ಹತ್ತಿರವಾಗುವುದು ಹೇಗೆ? ನೆಲದ ಮೇಲೆ ಕೂರುವುದರಿಂದ. ನಿಂತ ಮನುಷ್ಯನ ಎತ್ತರ ಹಾಗೆ ಇಳಿಯುತ್ತದೆ. ಎದುರಾಗಿ ಕೂರದೆ ಓರೆಯಾಗಿ ಕೂತು, ಪುಸ್ತಕವನ್ನೋ ಸೊಪ್ಪು ಬಿಡಿಸುವ ಕೆಲಸವನ್ನೋ ಹಿಡಿದುಕೊಂಡರೆ ಇನ್ನೂ ಒಳ್ಳೆಯದು. ದಿಟ್ಟಿಸಿ ನೋಡುವುದು ಬೆಕ್ಕಿನ ಲೋಕದಲ್ಲಿ ಬೆದರಿಕೆ. ಕಣ್ಣನ್ನು ಅರೆಮುಚ್ಚಿ, ನಿಧಾನವಾಗಿ ಪೂರ್ತಿ ಮುಚ್ಚಿ, ಮತ್ತೆ ನಿಧಾನವಾಗಿ ತೆರೆಯುವುದು ಸ್ನೇಹದ ಸೂಚನೆ. ಬೆಕ್ಕು ಸಾಕಿದವರು ಬಹುಕಾಲದಿಂದ ಹೇಳುತ್ತಿದ್ದ ಈ ಮಾತನ್ನು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಟ್ಯಾಸ್ಮಿನ್ ಹಂಫ್ರಿ, ಕ್ಯಾರೆನ್ ಮೆಕೊಂಬ್ ಮತ್ತಿತರರು 2020ರಲ್ಲಿ ಪರೀಕ್ಷೆಗಿಟ್ಟರು. ಒಡೆಯರು ಹೀಗೆ ಕಣ್ಣು ಮಿಟುಕಿಸಿದಾಗ ಬೆಕ್ಕುಗಳೂ ತಿರುಗಿ ಹಾಗೆಯೇ ಮಿಟುಕಿಸಿದವು. ಪೂರ್ತಿ ಅಪರಿಚಿತರು ನಿಧಾನ ಮಿಟುಕಿಸಿ ಕೈ ಚಾಚಿದಾಗ, ಭಾವವಿಲ್ಲದ ಮುಖದಿಂದ ಕೈ ಚಾಚಿದ್ದಕ್ಕಿಂತ ಹೆಚ್ಚು ಬಾರಿ ಹತ್ತಿರ ಬಂದವು. ಕೋಣೆಯ ಮೂಲೆಯಲ್ಲಿ ಕೂತ ಮರಿ ಮೊದಲ ಸಲ ಕಣ್ಣು ಮುಚ್ಚಿ ತೆರೆದು ಉತ್ತರಿಸಿದರೆ ಅಂದಿನ ಕೆಲಸ ಸಾರ್ಥಕ.

ಮುಟ್ಟುವ ಮೊದಲು ಆಟ. ಒಂದು ಕೋಲಿನ ತುದಿಗೆ ಬಟ್ಟೆಯ ಪಟ್ಟಿ ಕಟ್ಟಿ ನೆಲದ ಮೇಲೆ ಎಳೆದರೆ, ಹೆದರಿದ ಮರಿಯಲ್ಲೂ ಬೇಟೆಯ ಆಸೆ ತಡೆಯಲಾರದೆ ಎದ್ದು ಬರುತ್ತದೆ. ಮನುಷ್ಯನ ಹತ್ತಿರ ಇದ್ದೂ ಮನುಷ್ಯನ ಕೈಗೆ ಸಿಗದೆ ಇರುವ ಅವಕಾಶ ಅದಕ್ಕೆ ಸಿಕ್ಕಂತಾಯಿತು. ಆಟ ಮುಗಿದ ಮೇಲೆ ಕೋಲು ಬೀರುವಿಗೆ ಸೇರಲಿ. ಪಟ್ಟಿಯನ್ನೋ ದಾರವನ್ನೋ ನುಂಗಿದ ಮರಿಯ ಕರುಳು ಹರಿಯುವ ಅಪಾಯವಿದೆ. ಬರಿಗೈಯನ್ನು ಆಟಿಕೆಯಾಗಿ ಒಡ್ಡುವುದೂ ಬೇಡ. ಇವತ್ತು ಚೆಂದ ಕಾಣುವ ಕಚ್ಚಾಟ ಆರು ತಿಂಗಳಿಗೆ ರಕ್ತ ಬರಿಸುತ್ತದೆ.

ಒಂದು ದಿನ ಮರಿ ಮೂಗು ಮುಂದೆ ಚಾಚಿ ಬರುತ್ತದೆ. ಆಗ ಅದರ ಮೂಗಿನ ಮಟ್ಟದಲ್ಲಿ ಒಂದು ಬೆರಳು ನೀಡಿ ಸುಮ್ಮನಿರಬೇಕು. ಮೂಸಿ ನೋಡಿ ಅದು ಕೆನ್ನೆ ಉಜ್ಜಿದರೆ ಒಪ್ಪಿಗೆ ಸಿಕ್ಕಿತು. ಕೆನ್ನೆಯ ಗ್ರಂಥಿಗಳಿಂದ ತನ್ನ ವಾಸನೆಯನ್ನು ಮನುಷ್ಯನಿಗೆ ಹಚ್ಚಿ ಆತನನ್ನು ತನ್ನ ಪರಿಚಿತ ಲೋಕಕ್ಕೆ ಸೇರಿಸಿಕೊಂಡಿತು. ಮೂಸಿ ಹಿಂದೆ ಸರಿದರೆ ಇನ್ನೂ ಹೊತ್ತು ಬಂದಿಲ್ಲ. ಸವರುವುದು ಕೆನ್ನೆ, ಗಲ್ಲದಡಿ, ಕಿವಿ ಕಣ್ಣುಗಳ ನಡುವಿನ ಭಾಗಕ್ಕೆ ಮಾತ್ರ. ಬೆಕ್ಕುಗಳಿಗೆ ಎಲ್ಲಿ ಸವರಿದರೆ ಹಿತ ಎಂದು ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ತಂಡ 2015ರಲ್ಲಿ ನೋಡಿದಾಗ ಬಾಲದ ಬುಡಕ್ಕೆ ಕೈ ಹೋದಾಗಲೇ ಅಸಮಾಧಾನ ಹೆಚ್ಚು ಕಂಡಿತು. ಎರಡು ಮೂರು ಸಲ ಸವರಿ ಕೈ ಹಿಂದೆಗೆದು ಕಾಯಬೇಕು. ಇನ್ನೂ ಬೇಕಿದ್ದರೆ ಮರಿಯೇ ತಲೆ ಒತ್ತುತ್ತದೆ. ಬಾಲ ಪಟಪಟ ಬಡಿದರೆ, ಕಿವಿ ಪಕ್ಕಕ್ಕೆ ಮಲಗಿದರೆ, ಬೆನ್ನಿನ ಚರ್ಮ ಅದುರಿದರೆ, ಗುರುಗುಟ್ಟುವುದು ಥಟ್ಟನೆ ನಿಂತರೆ ಸಾಕು ಎಂದರ್ಥ.

ಹೀಗೆ ಕಾಯುವುದರಿಂದ ಸಿಗುವ ಲಾಭಕ್ಕೆ ಪುರಾವೆಯಿದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಡೆನಿಸ್ ಟರ್ನರ್ ಮತ್ತು ಸಂಗಡಿಗರು ಮನೆಮನೆಗಳಲ್ಲಿ ಬೆಕ್ಕು ಮತ್ತು ಮನುಷ್ಯರ ಒಡನಾಟವನ್ನು ಗಮನಿಸಿದರು. ಬೆಕ್ಕು ತಾನಾಗಿ ಬಂದು ಶುರುಮಾಡಿದ ಒಡನಾಟ ಹೆಚ್ಚು ಹೊತ್ತು ನಡೆಯಿತು, ಮನುಷ್ಯ ಶುರುಮಾಡಿದ್ದು ಬೇಗ ಮುಗಿಯಿತು. ಲಂಡನ್ನಿನ ಬ್ಯಾಟರ್ಸಿ ಆಶ್ರಯಧಾಮದಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾಮಾನ್ಯ ಜನರಿಗೆ ಕೆಲವೇ ನಿಮಿಷಗಳ ತರಬೇತಿ ಕೊಟ್ಟರು: ಆಯ್ಕೆಯನ್ನು ಬೆಕ್ಕಿಗೆ ಬಿಡಿ, ಅದರ ಮೈಭಾಷೆ ಗಮನಿಸಿ, ಮುಟ್ಟುವ ಜಾಗ ನೋಡಿ ಮುಟ್ಟಿ. ಅದಾದ ಮೇಲೆ ಅದೇ ಜನರೊಂದಿಗೆ ಬೆಕ್ಕುಗಳು ಕಚ್ಚುವುದು ಪರಚುವುದು ಕಡಿಮೆಯಾಯಿತು, ಸ್ನೇಹದ ನಡೆ ಹೆಚ್ಚಾಯಿತು.

ಕತ್ತಿನ ಹಿಂದಿನ ಚರ್ಮ ಹಿಡಿದು ಎತ್ತುವ ರೂಢಿಯ ಬಗ್ಗೆ ಎರಡು ಮಾತು. ಶ್ರೀವೈಷ್ಣವರಲ್ಲಿ ತೆಂಗಲೆ ಪರಂಪರೆಯವರು ಶರಣಾಗತಿಯನ್ನು ವಿವರಿಸಲು ಮಾರ್ಜಾಲ ಕಿಶೋರ ನ್ಯಾಯವನ್ನು ಹೇಳುತ್ತಾರೆ. ಮಂಗನ ಮರಿ ತಾಯಿಯನ್ನು ತಾನೇ ಬಿಗಿದು ಹಿಡಿದುಕೊಳ್ಳಬೇಕು, ಬೆಕ್ಕಿನ ಮರಿಯಾದರೋ ಏನೂ ಮಾಡದೆ ತಾಯಿಯ ಬಾಯಿಗೆ ತನ್ನನ್ನು ಒಪ್ಪಿಸಿಕೊಳ್ಳುತ್ತದೆ. ಎಷ್ಟು ಸೂಕ್ಷ್ಮವಾಗಿ ಮರಿಯನ್ನು ನೋಡಿದವರ ಮಾತಿದು! ತಾಯಿ ಕತ್ತು ಕಚ್ಚಿದಾಗ ಮರಿ ಕಾಲು ಮಡಿಸಿ ನಿಶ್ಚಲವಾಗುವುದು ಹುಟ್ಟಿನಿಂದ ಬಂದ ಪ್ರತಿಕ್ರಿಯೆ. ಆದರೆ ಮನುಷ್ಯ ಹಾಗೆ ಹಿಡಿದಾಗಲೂ ಮೈ ನಿಶ್ಚಲವಾಗುವುದನ್ನು ಕಂಡು ಮರಿ ಒಪ್ಪಿಸಿಕೊಂಡಿತು ಎಂದುಕೊಳ್ಳುವಂತಿಲ್ಲ. ಒಳಗೆ ಹೆದರಿಕೆ ಹಾಗೇ ಇರುತ್ತದೆ. ತುರ್ತಿಗೆ ಎತ್ತಲೇಬೇಕಾದರೆ ಟವೆಲಿನಲ್ಲಿ ಸುತ್ತಿ, ಎದೆಯಡಿ ಒಂದು ಕೈ, ಹಿಂಗಾಲಿನಡಿ ಇನ್ನೊಂದು ಕೈ ಕೊಟ್ಟು ಎತ್ತುವುದು ಸರಿ.

ಪರಚಿದರೆ, ಕಚ್ಚಿದರೆ ಉದಾಸೀನ ಸಲ್ಲದು. ರೇಬಿಸ್ ನಾಯಿಯಿಂದ ಮಾತ್ರ ಬರುವುದಿಲ್ಲ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ವೈದ್ಯರ ಬಳಿ ಹೋಗಬೇಕು. ಲಸಿಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಅರಿಸಿನ ಮೆತ್ತಿ ಸುಮ್ಮನಾಗುವ ಸಂಗತಿಯಲ್ಲ ಇದು. ಮರಿಯ ಮೈಮೇಲೆ ದುಂಡಗೆ ಕೂದಲುದುರಿದ್ದರೆ ಅದು ಹುಳುಕಡ್ಡಿ ಇರಬಹುದು, ಮಕ್ಕಳಿಗೂ ಹರಡುತ್ತದೆ. ಮನೆಯಲ್ಲಿ ಗರ್ಭಿಣಿಯರಿದ್ದರೆ ಮರಳಿನ ತಟ್ಟೆಯನ್ನು ಬೇರೆಯವರು ದಿನವೂ ಶುಚಿಮಾಡಲಿ. ಬೆಕ್ಕನ್ನೇ ಹೊರಗಟ್ಟುವ ಅಗತ್ಯವಿಲ್ಲ. ಹೊಟ್ಟೆಹುಳುವಿನ ಔಷಧಿ, ಆರೆಂಟು ವಾರಕ್ಕೆ ಶುರುವಾಗುವ ಲಸಿಕೆಗಳು, ಮೂರು ತಿಂಗಳಿಗೆ ರೇಬಿಸ್ ಲಸಿಕೆ ಇವಕ್ಕೆ ಹತ್ತಿರದ ಪಶು ಆಸ್ಪತ್ರೆ ಇದ್ದೇ ಇರುತ್ತದೆ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಆರಂಭಿಸಿದ ಕ್ಯೂಪಾದಂಥ ಪ್ರಾಣಿದಯಾ ಸಂಸ್ಥೆಗಳೂ ಇವೆ.

ಇಷ್ಟೆಲ್ಲ ಹೇಳಿದ ಮೇಲೆ ಹೇಳಲೇಬೇಕಾದ ಕಠಿಣ ಮಾತೊಂದಿದೆ. ಮನುಷ್ಯರಿಗೆ ಹೆದರುವುದು ಬೀದಿಯ ಮರಿಗೆ ಒಂದು ರಕ್ಷಣೆ. ರಜೆಗೆ ಬಂದ ಮಕ್ಕಳು ತಿಂಗಳುಗಟ್ಟಲೆ ಮುದ್ದಿಸಿ, ಆ ಹೆದರಿಕೆ ಕಳಚಿದ ಮೇಲೆ ಮರಿಯನ್ನು ಬಿಟ್ಟು ಊರಿಗೆ ಹೊರಟರೆ, ಅದು ಮುಂದೆ ಕಂಡ ಎಲ್ಲರ ಕಾಲ ಬಳಿಗೂ ಅದೇ ಭರವಸೆಯಿಂದ ಹೋಗುತ್ತದೆ. ಎಲ್ಲ ಕಾಲುಗಳೂ ಒಂದೇ ಥರ ಇರುವುದಿಲ್ಲ. ಸಾಕಲು ಆಗದು ಎಂಬುದು ಮೊದಲೇ ಗೊತ್ತಿದ್ದರೆ ಸಾಕುವ ಮನೆಯನ್ನು ಹುಡುಕುತ್ತಲೇ ಮರಿಯನ್ನು ಒಗ್ಗಿಸಬೇಕು. ಗೋಣಿಚೀಲದಲ್ಲಿ ಕಟ್ಟಿ ದೂರದ ಮಾರುಕಟ್ಟೆಯಲ್ಲೋ ದೇವಸ್ಥಾನದ ಬಳಿಯೋ ಬಿಟ್ಟು ಬರುವ ಹಳೆಯ ಪದ್ಧತಿ ಇನ್ನೂ ಹೋಗಿಲ್ಲ. ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.

ಬೀದಿಯಲ್ಲೇ ದೊಡ್ಡದಾದ, ಮುಟ್ಟಿಸಿಕೊಳ್ಳದ ಬೆಕ್ಕಿಗೆ ಬೇರೆ ಬಗೆಯ ಪ್ರೀತಿ ಬೇಕು. ಕರಾವಳಿಯ ಮೀನು ಮಾರುಕಟ್ಟೆಗಳಲ್ಲಿ ಬಂಗುಡೆ ಬೂತಾಯಿಯ ತಲೆಗಾಗಿ ಕಾದು ಕೂರುವ ಬೆಕ್ಕುಗಳನ್ನು ಗಮನಿಸಿದರೆ ತಿಳಿಯುತ್ತದೆ. ತಲೆ ಎಸೆಯುವ ಹೆಂಗಸಿನ ದನಿ ಅವಕ್ಕೆ ಗೊತ್ತು, ಬರುವ ಹೊತ್ತು ಗೊತ್ತು, ಆದರೂ ಮಾರುದೂರ ಉಳಿಸಿಕೊಳ್ಳುತ್ತವೆ. ಅದೂ ಒಂದು ಭರವಸೆಯೇ. ಅಂಥವಕ್ಕೆ ಊಟ ಹಾಕುವುದರ ಜತೆ ಸಂತಾನಹರಣ ಮಾಡಿಸಿ ಅದೇ ಜಾಗಕ್ಕೆ ಬಿಡುವುದು ದೊಡ್ಡ ಉಪಕಾರ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಗರ್ಭ ಕೇವಲ ಒಂಬತ್ತು ವಾರ. ಇಂದು ಸ್ಕೂಟರಿನ ಹಿಂದೆ ಸಿಕ್ಕ ಮರಿ ವರ್ಷದೊಳಗೆ ತಾಯಿಯಾಗಿರುತ್ತದೆ.

ಒಗ್ಗಿದ ಮರಿಯ ಮಾತು ಬೇರೆ. ಬೆಕ್ಕಿಗೆ ಮನೆ ಮುಖ್ಯ, ಮನುಷ್ಯ ಅಲ್ಲ ಎಂಬ ನಂಬಿಕೆಯನ್ನು ಅಮೆರಿಕದ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ವಿಟಾಲೆ ಮತ್ತು ಸಂಗಡಿಗರು 2019ರಲ್ಲಿ ಅಲುಗಾಡಿಸಿದರು. ಮೂರರಿಂದ ಎಂಟು ತಿಂಗಳ 70 ಮರಿಗಳನ್ನು ಅಪರಿಚಿತ ಕೋಣೆಯಲ್ಲಿ ಸಾಕಿದವರೊಂದಿಗೆ ಎರಡು ನಿಮಿಷ, ಒಂಟಿಯಾಗಿ ಎರಡು ನಿಮಿಷ, ಮತ್ತೆ ಅವರೊಂದಿಗೆ ಎರಡು ನಿಮಿಷ ಬಿಟ್ಟು ನೋಡಿದರು. ಸುಮಾರು ಶೇಕಡಾ 64ರಷ್ಟು ಮರಿಗಳು ಮರಳಿ ಬಂದವರನ್ನು ಕಂಡು ಸಮಾಧಾನಗೊಂಡು ಕೋಣೆಯನ್ನು ಅಡ್ಡಾಡಿ ನೋಡತೊಡಗಿದವು. ಅಪ್ಪ ಅಮ್ಮ ಜತೆಗಿದ್ದಾಗ ಪುಟ್ಟ ಮಕ್ಕಳು ತೋರುವ ನೆಮ್ಮದಿಯನ್ನು ಅಳೆಯಲು ಬಳಸುವಂಥ ಪರೀಕ್ಷೆಯೇ ಅದು.

ಇಷ್ಟು ಗಳಿಸಿದ್ದನ್ನು ಒಂದು ಆಸ್ಪತ್ರೆ ಪ್ರಯಾಣ ಕೆಡಿಸದಂತೆ ನೋಡಿಕೊಳ್ಳಬೇಕು, ಅದರ ಸಿದ್ಧತೆ ಮೊದಲ ವಾರದಿಂದಲೇ ಶುರುವಾಗಲಿ. ಮುಚ್ಚಳವಿರುವ ಬುಟ್ಟಿಯನ್ನು ಬಾಗಿಲು ತೆರೆದು ಮರಿಯ ಕೋಣೆಯಲ್ಲೇ ಇಟ್ಟು, ಒಳಗೆ ಅದು ಮಲಗುವ ಹಳೆಯ ಬಟ್ಟೆ ಹಾಸಿ, ಆಗಾಗ ಊಟವನ್ನೂ ಅಲ್ಲೇ ಇಡಬೇಕು. ಅದು ತಾನಾಗಿ ಒಳಗೆ ನಿದ್ದೆಹೋಗತೊಡಗಿದ ಮೇಲೆ ಬಾಗಿಲನ್ನು ಕೆಲವು ಕ್ಷಣ ಮುಚ್ಚಿ ತೆರೆಯಬೇಕು, ದಿನದಿನಕ್ಕೆ ಹೊತ್ತು ಹೆಚ್ಚಿಸುತ್ತ ಹೋಗಬೇಕು. ಐದು ತಿಂಗಳೊಳಗೆ ಸಂತಾನಹರಣದ ಶಸ್ತ್ರಚಿಕಿತ್ಸೆ ಮುಗಿಯುವುದು ಒಳ್ಳೆಯದು. ಚಿಕಿತ್ಸೆ ಮುಗಿಸಿ ತಂದ ರಾತ್ರಿ ಮರಿಯನ್ನು ಅದರ ಹಳೆಯ ಚಿಕ್ಕ ಕೋಣೆಯಲ್ಲೇ ಬಿಡಬೇಕು. ಮನೆಯಲ್ಲಿ ಬೇರೆ ಬೆಕ್ಕಿದ್ದರೆ ಅದು ಆಸ್ಪತ್ರೆಯ ವಾಸನೆಗೆ ಗುರುತು ಸಿಗದೆ ಬುಸುಗುಟ್ಟುವುದುಂಟು, ಹಾಗಾಗಿ ಒಂದೆರಡು ದಿನ ನಡುವಿನ ಬಾಗಿಲು ಮುಚ್ಚಿರಲಿ. ಹೊಲಿಗೆ ಮಾಯುವವರೆಗೆ ಎತ್ತರದಿಂದ ಜಿಗಿಯುವ ಆಟವೂ ಬೇಡ.